ಅರ್ಧ ಗ್ಲಾಸ್ ಬಿಯರ್‌ಗೇ ಮುಖ ಕೆಂಪು

ಪ್ರಶ್ನೆ: ನಮ್ಮೆಜಮಾನರು ಕೃತಕ ಚರ್ಮದ ಘಟಕದಲ್ಲಿ ಪಾಲಿಯುರೆಥೇನ್ ಲೇಪನದ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಹೊಟ್ಟೆನೋವು, ವಾಕರಿಕೆ, ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) 210. ‘ಕುಡಿತ ಬಿಡಿಸಿ’ ಎಂದರು ವೈದ್ಯರು. ಇವರು ಕುಡಿಯುವುದು ಹಬ್ಬಕ್ಕೊಮ್ಮೆ! ಈಗಂತೂ ಅರ್ಧ ಗ್ಲಾಸ್ ಬಿಯರ್‌ಗೇ ಮುಖ, ಎದೆ ಕೆಂಪಾಗುತ್ತದೆ.

ಉತ್ತರ: ನಿಮ್ಮ ಕೊನೆಯ ವಾಕ್ಯವೇ ದೊಡ್ಡ ಸುಳಿವು, ತಾಯಿ. ಆ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವ ದ್ರಾವಕ ಡೈಮೀಥೈಲ್‌ಫಾರ್ಮಮೈಡ್ (ಡಿಎಂಎಫ್). ಇದು ಉಸಿರಿನಲ್ಲಷ್ಟೇ ಅಲ್ಲ, ಚರ್ಮದ ಮೂಲಕವೂ ಸಲೀಸಾಗಿ ಒಳಸೇರುತ್ತದೆ. ಯಕೃತ್ತಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆಯಲು ಹೋಗಿ ಮೂಲಕ್ಕಿಂತ ಉಗ್ರವಾದ ವಸ್ತುವನ್ನು ಹುಟ್ಟಿಸುತ್ತದೆ. ಮನೆಕಾಯಲು ಇಟ್ಟವನೇ ಕಳ್ಳನಿಗೆ ಕತ್ತಿ ಕೊಟ್ಟಂತೆ! ರಕ್ಷಣೆಗಿರುವ ಗ್ಲುಟಾಥಯೋನ್ ಖರ್ಚಾದಾಗ ಜೀವಕೋಶಗಳು ಸಾಯುತ್ತವೆ. ಇದೇ ದ್ರಾವಕ ಮದ್ಯದ ವಿಲೇವಾರಿಗೂ ಅಡ್ಡಿಮಾಡುವುದರಿಂದ ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ದೇಹದಲ್ಲೇ ಉಳಿದು ಮುಖ ಕೆಂಪೇರುತ್ತದೆ.

ನನ್ನ ಬಳಿ ಬಂದವರನ್ನು ‘ಕುಡೀತೀರಾ’ ಎನ್ನುವ ಮೊದಲೇ ‘ಏನು ಕೆಲಸ’ ಎಂದು ಕೇಳುತ್ತೇನೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಲಿ. ಪಾಳಿ ಮುಗಿದೊಡನೆ ಮೂತ್ರದಲ್ಲಿ ಎನ್-ಮೀಥೈಲ್‌ಫಾರ್ಮಮೈಡ್ (ದೇಹದಲ್ಲಿ ಡಿಎಂಎಫ್ ಒಡೆದು ಬರುವ ವಸ್ತು) ಅಳೆಯಬಹುದು. ಡ್ರಮ್ಮಿನ ಲೇಬಲ್‌ನ ಫೋಟೋ ವೈದ್ಯರಿಗೆ ತೋರಿಸಿ. ತೆಳು ಲ್ಯಾಟೆಕ್ಸ್ ಕೈಗವಸು ಇದಕ್ಕೆ ದಂಡ. ಬ್ಯುಟೈಲ್ ರಬ್ಬರಿನದು ಬೇಕು. ಸದ್ಯಕ್ಕೆ ಆ ವಿಭಾಗಕ್ಕೆ ಅವರು ಹೋಗುವುದೇ ಬೇಡ. ಸಂಪರ್ಕ ತಪ್ಪಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಎಸ್‌ಜಿಪಿಟಿ ಇಳಿಯುತ್ತದೆ. ಆದರೆ ಕಣ್ಣು ಹಳದಿಯಾದರೆ ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ.