ಅಪ್ಪನ ಬಾಕಿ ಪುಸ್ತಕ

ತೀರಿಕೊಂಡವರ ಫೋನೋ ಡೈರಿಯೋ ಹಿಡಿದುಕೊಂಡು "ಇದನ್ನ ಏನ್ ಮಾಡ್ಲಿ?" ಎಂದು ಕೇಳುತ್ತ ಸಮಾಲೋಚನೆಗೆ ನನ್ನಲ್ಲಿಗೆ ಆಗಾಗ ಜನ ಬರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ; ಅವರ ಒಪ್ಪಿಗೆಯೂ ಇದೆ.

ಬಂದವರು ಚಳ್ಳಕೆರೆ ಕಡೆಯವರು, ವಯಸ್ಸು ನಲವತ್ತು ದಾಟಿದೆ. ಶೇಂಗಾ ಎಣ್ಣೆಗೆ ಹೆಸರಾದ ಊರು. ಅಪ್ಪನದೂ ಒಂದು ಗಿರಣಿ ಇತ್ತು, ಮುಚ್ಚಿ ಬಹಳ ವರ್ಷವಾಯಿತು. ಅಪ್ಪ ಹೋದಾಗಿನಿಂದ ಮಗನಿಗೆ ನಿದ್ದೆಯಿಲ್ಲ. ದುಃಖ ಎಂದುಕೊಂಡು ಮಾತ್ರೆ ಕೊಡಿಸಿದ್ದರು.

ಎರಡನೇ ಸಲ ಬಂದಾಗ ಚೀಲದಿಂದ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಹಮಾಲರ ಹೆಸರು, ಚೀಲದ ಲೆಕ್ಕ, ಕೊಟ್ಟದ್ದು, ಬಾಕಿ. ಬಾಕಿಯ ಸಾಲು ಎಲ್ಲೂ ಹೊಡೆದುಹಾಕಿರಲಿಲ್ಲ. ಒಂದು ಹೆಸರಿನ ಮುಂದೆ ಅದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: "ಹೆಂಡತಿ ಆಸ್ಪತ್ರೆಗೆಂದು ಕೇಳಿದ. ಕೊಡಲಿಲ್ಲ."

"ಗುಡಿ ಮುಂದಿನ ಕಲ್ಲುಬೆಂಚಿನ ಮೇಲೆ ದಾನಿ ಅಂತ ಅಪ್ಪನ ಹೆಸರು ಕೆತ್ತಿದಾರೆ. ಇದೂ ಅಪ್ಪಂದೇ ಅಕ್ಷರ. ಅಣ್ಣ ಸುಟ್ಟುಬಿಡು ಅಂತಾನೆ. ಸುಟ್ಟರೆ ಅಪ್ಪ ಒಳ್ಳೇವ್ರಾಗೇ ಉಳೀತಾರೆ."

ನಾನು ಕೇಳಿದೆ: "ಸುಡಬೇಕು ಅಂತಿದ್ರೆ ಅಪ್ಪನೇ ಸುಡಬಹುದಿತ್ತಲ್ಲ? ಗಿರಣಿ ಮುಚ್ಚಿದ ಮೇಲೂ ಯಾಕಿಟ್ಟುಕೊಂಡ್ರು?"

ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಕೊಡಲಿಲ್ಲ," ಎಂದರು. ಅಳು ಬಂದದ್ದು ಆಗಲೇ.

ನಾನು ಸುಡಬೇಡಿ ಎಂದೆ. ನಿದ್ದೆಗೆಟ್ಟವನ ತಲೆ ಮೇಲೆ ಇನ್ನೊಂದು ಭಾರ ಹೇರಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಭಾರ ಆಗಲೇ ಅವರ ಎದೆ ಮೇಲಿತ್ತು. ಸುಟ್ಟಿದ್ದರೆ ಅಪ್ಪನ ಲೆಕ್ಕದ ಜೊತೆಗೆ ಮಗನ ಲೆಕ್ಕವೂ ಶುರುವಾಗುತ್ತಿತ್ತು, ಅದನ್ನು ಓದುವವರು ಅವರೊಬ್ಬರೇ. ಯಾರೂ ನೋಡದಾಗ ಬರೆದಿಟ್ಟದ್ದರಲ್ಲಿ ಮನುಷ್ಯ ಹೆಚ್ಚು ನಿಚ್ಚಳವಾಗಿ ಕಾಣುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ. ಸತ್ತವರನ್ನು ತೊಳೆದು ಇಡುವ ಮನೆಗಳಲ್ಲಿ ಮಕ್ಕಳು ತಮ್ಮ ತಪ್ಪನ್ನೂ ಹಾಗೇ ತೊಳೆಯುವುದನ್ನು ಕಲಿಯುತ್ತಾರೆ.

ಹಣ ಕೊಡಿ ಎಂದು ನಾನಾಗಿ ಹೇಳಲಿಲ್ಲ. ಕೊಡಲೇಬೇಕಾ ಎಂದು ಅವರೇ ಕೇಳಿದರು. ಕಾನೂನಿನ ಮಾತು ಮೊದಲು ಹೇಳಿದೆ: ಅಪ್ಪನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಬಂದ ಆಸ್ತಿಯ ಮಟ್ಟಿಗೆ ಮಾತ್ರ, ಇಷ್ಟು ಹಳೆಯ ಬಾಕಿಗೆ ದಾವೆಯ ಅವಧಿಯೂ ಮುಗಿದಿರುತ್ತದೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಕಾರಣವೊಂದರಿಂದಲೇ ಮಗನ ಮೇಲೆ ವಸೂಲಿಗೆ ಬರುವ ಹಕ್ಕನ್ನು, ಆಮೇಲೆ ಮಾಡಿದ ಸಾಲಗಳ ಮಟ್ಟಿಗೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ತೆಗೆದುಹಾಕಿತು. ಯಾರೂ ನಿಮ್ಮನ್ನು ಕೋರ್ಟಿಗೆ ಎಳೆಯಲಾರರು ಎಂದೆ. ಹೆದರಿ ಕೊಡುವುದು ಬೇರೆ, ಬೇಕೆನಿಸಿ ಕೊಡುವುದು ಬೇರೆ. ಎರಡರ ನಡುವಿನ ವ್ಯತ್ಯಾಸ ಅವರಿಗೆ ಕಾಣಲಿ ಎಂಬುದೇ ನನ್ನ ಉದ್ದೇಶವಾಗಿತ್ತು. ಕೊಡುವುದಾದರೆ ನಿಮ್ಮ ಕೈಲಾದಷ್ಟು ಕೊಡಿ, ಫೋಟೋ ಬೇಡ, ಅಪ್ಪನ ಪರವಾಗಿ ಕ್ಷಮೆ ಕೇಳುವ ಭಾಷಣವೂ ಬೇಡ ಎಂದೆ.

ಆಸ್ಪತ್ರೆಯ ಸಾಲಿನಲ್ಲಿದ್ದ ಹಮಾಲರ ಮನೆ ಹುಡುಕಿಕೊಂಡು ಹೋದರು. ಅವರೂ ಇಲ್ಲ, ಹೆಂಡತಿಯೂ ಇಲ್ಲ. ಆ ಹಮಾಲರ ಮಗ ಹಣ ಮುಟ್ಟದೆ ಮೊದಲು ಆ ಪುಟ ತೋರಿಸಿ ಎಂದನಂತೆ. ತೋರಿಸಿದರು. ಅವನು ಓದಿ, "ಬರ್ದಿಟ್ಟಿದ್ರಾ?" ಎಂದಷ್ಟೇ ಕೇಳಿದ. ಹಣವನ್ನು ಮುಂದಿನ ವಾರ ತೆಗೆದುಕೊಂಡ.

ಕಲ್ಲುಬೆಂಚಿನ ಮೇಲಿನ ಹೆಸರು ಅಳಿಸಲಾ ಎಂದು ಕೇಳಿದ್ದರು. ಬೇಡ ಎಂದೆ, ಆ ದುಡ್ಡೂ ಅಪ್ಪ ಕೊಟ್ಟದ್ದೇ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಬರುತ್ತಿದ್ದಾರೆ.