ಶೇಕಡಾ 11 ಬ್ಯಾಟರಿ ಇತ್ತು, ಯಾವ ಆಲ್ಬಂ ಹಾಕಿದಿರಿ?

ನಾಪೋಕ್ಲಿನ ಗೆಳೆಯರೇ,

ನಿಮ್ಮ ಹೆಸರು ಹಾಕಿಲ್ಲ. ಈ ಪುಟದಲ್ಲಿ ಬೈಸಿಕೊಂಡವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಉಳಿದ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಇವರು ನಮ್ಮ ಮಾಸಿಕಕ್ಕೆ ಒಂದು ಲೇಖನ ಕಳಿಸಿದ್ದಾರೆ. ಕಕ್ಕಡ ತಿಂಗಳು, ಅಂದರೆ ನಮ್ಮ ಕೊಡಗಿನಲ್ಲಿ ಮಳೆ ಬಿಡದೆ ಹೊಡೆಯುವ ಜುಲೈ-ಆಗಸ್ಟ್. ಮೂರು ದಿನದಿಂದ ಕರೆಂಟಿಲ್ಲ. ತೋಟದ ಮನೆಯ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದಾರೆ. ಯೋ ಲಾ ಟೆಂಗೊ ಅನ್ನುವ ಅಮೆರಿಕದ ಇಂಡೀ ರಾಕ್ ಬ್ಯಾಂಡಿನ ಬಗ್ಗೆ ವಾದ ನಡೆದಿದೆ. ಹೊಸದಾಗಿ ಕೇಳುವವರು ಯಾವ ಆಲ್ಬಂನಿಂದ ಶುರು ಮಾಡಬೇಕು? ಅಷ್ಟೇ ವಿಷಯ.

ವಿಷಯ ಚೆನ್ನಾಗಿದೆ. ನಮ್ಮ ಮೇಜಿಗೆ ಬರುವುದರಲ್ಲಿ ಜಾಸ್ತಿ ಆನೆ, ಮಂಜು, ಅಜ್ಜಿಯ ಅಡುಗೆಮನೆ. ನಿಮ್ಮದರಲ್ಲಿ ಮೂರೂ ಇಲ್ಲ. ಕಾಗುಣಿತವೂ ಸರಿಯಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಈಗ ಮೊದಲ ಸಾಲು. "ಯೋ ಲಾ ಟೆಂಗೊ ಬರೀ ಬ್ಯಾಂಡ್ ಅಲ್ಲ, ಅದೊಂದು ಅನುಭೂತಿ."

ಅಲ್ಲ ರೀ, ಬ್ಯಾಂಡೇ. ಮೂರು ಜನ ಇದ್ದಾರೆ. ಐರಾ ಕಪ್ಲಾನ್ ಗಿಟಾರ್, ಜಾರ್ಜಿಯಾ ಹಬ್ಲಿ ಡ್ರಮ್ಸ್, ಜೇಮ್ಸ್ ಮೆಕ್‌ನ್ಯೂ ಬೇಸ್. ಮೊದಲಿಬ್ಬರು ಗಂಡ ಹೆಂಡತಿ. 1984ರಲ್ಲಿ ಹೊಬೊಕನ್‌ನಲ್ಲಿ ಶುರು ಮಾಡಿದರು. ನ್ಯೂಯಾರ್ಕಿನಿಂದ ಹೊಳೆ ದಾಟಿದರೆ ಸಿಗುವ ಊರು ಅದು. ಕಪ್ಲಾನ್ ಅದಕ್ಕೂ ಮುಂಚೆ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಇದೆಲ್ಲ ನಿಮ್ಮ ಏಳನೇ ಪ್ಯಾರಾದಲ್ಲಿ ಅರ್ಧಂಬರ್ಧ ಇದೆ. ಬೇರೆಯವರ ಹಾಡಿಗೆ ಅಂಕ ಹಾಕುತ್ತಿದ್ದವರು ತಾವೇ ಗಿಟಾರ್ ಹಿಡಿದು ನಿಂತರು ಅನ್ನೋದನ್ನ ಏಳನೇ ಪ್ಯಾರಾದಲ್ಲಿ ಬಚ್ಚಿಟ್ಟು, ಅನುಭೂತಿಯನ್ನು ಮುಂಬಾಗಿಲಲ್ಲಿ ಕೂರಿಸಿದ್ದೀರಿ.

ಎರಡನೇ ಸಾಲು: "ಶೂಗೇಜ್ ಟೆಕ್ಸ್ಚರ್‌ಗಳು ಲೋ-ಫೈ ಈಸ್ತೆಟಿಕ್‌ನೊಂದಿಗೆ ಮೇಳೈಸಿವೆ." ನಮ್ಮ ಡಿಟಿಪಿ ಮಾಡುವ ಹುಡುಗಿ ಬಂದು ಕೇಳಿದಳು, "ಮೇಡಂ, ಇದು ಚಪ್ಪಲಿ ಅಂಗಡಿ ಜಾಹೀರಾತಾ?" ನಗಬೇಡಿ. ನಿಮ್ಮನ್ನು ಮೊದಲು ಓದಿದವಳು ಅವಳೇ. ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳು ಕಾಲಬುಡದಲ್ಲಿರುತ್ತವೆ. ಬಾರಿಸುವವರು ಹಾಡಿನುದ್ದಕ್ಕೂ ತಲೆ ಬಗ್ಗಿಸಿ ಅದನ್ನೇ ನೋಡುತ್ತಿರುತ್ತಾರೆ. ನೋಡುವವರಿಗೆ ತಮ್ಮ ಶೂ ನೋಡುತ್ತಾ ನಿಂತ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಇಷ್ಟು ಬರೆದಿದ್ದರೆ ಅವಳೂ ನಿಮ್ಮ ಜಗಲಿಗೆ ಬಂದು ಕೂರುತ್ತಿದ್ದಳು.

ಮೂರನೇ ಸಾಲಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. "ಅವರ ಗಿಟಾರ್ ಮಳೆಯಂತೆ ಸುರಿಯುತ್ತದೆ."

ಯಾವ ಮಳೆ?

ಬೆಂಗಳೂರಿನವರು ಬರೆದಿದ್ದರೆ ಬಿಟ್ಟುಬಿಡುತ್ತಿದ್ದೆ. ನಾಪೋಕ್ಲಿನಲ್ಲಿ ಕೂತು ಸುಮ್ನೆ ಮಳೆ ಅಂದುಬಿಟ್ಟರೆ ಹೇಗೆ? ಮಾರ್ಚಿನ ಹೂಮಳೆಯಾ? ಅದು ಒಂದು ಸಂಜೆ ಹೊಡೆದು ಹೋದರೆ ಎಂಟು ಹತ್ತು ದಿನದಲ್ಲಿ ಕಾಫಿ ತೋಟ ಹೂವಾಗಿ ಬೆಳ್ಳಗಾಗುತ್ತದೆ. ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಯಾ? ಅದು ಕೈಕೊಟ್ಟರೆ ಹೂವಿದ್ದೂ ಕಾಯಿ ಕಚ್ಚುವುದಿಲ್ಲ, ನಿಮ್ಮ ತಂದೆಯವರನ್ನು ಕೇಳಿ ನೋಡಿ. ಕಕ್ಕಡದ ಜಡಿಯಾ? ಹಗಲೂ ರಾತ್ರಿ ಹೆಂಚಿನ ಮೇಲೆ ಒಂದೇ ಶ್ರುತಿ, ನಿಂತಾಗಲೇ ಅದು ಇತ್ತು ಅಂತ ಗೊತ್ತಾಗುವುದು. ಇಲ್ಲಾ 2018ರ ಆಗಸ್ಟ್ ಮಳೆಯಾ? ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರು ನಮ್ಮ ಚಂದಾದಾರರಲ್ಲಿ ಇದ್ದಾರೆ. ಅವರ ಮುಂದೆ ಮಳೆಯಂತೆ ಸುರಿಯುತ್ತದೆ ಅಂದರೆ, ಚೆನ್ನಾಗಿದೆ ಅಂದ ಹಾಗೋ ಭಯ ಆಗುತ್ತೆ ಅಂದ ಹಾಗೋ?

ಸಿಟ್ಟಿನಲ್ಲೇ ಆ ರಾತ್ರಿ ನಾನು ಹಾಡು ಹಾಕಿ ಕೇಳಿದೆ. ನನಗೆ ರಾಕ್ ಅಷ್ಟಾಗಿ ಗೊತ್ತಿಲ್ಲ, ಆಕಾಶವಾಣಿಯ ಭಾವಗೀತೆ ಕೇಳಿ ಬೆಳೆದವಳು. 1993ರ 'ಪೇನ್‌ಫುಲ್' ಹಾಕಿದೆ. ಅದರಲ್ಲಿ 'ಬಿಗ್ ಡೇ ಕಮಿಂಗ್' ಅನ್ನುವ ಹಾಡು ಎರಡು ಸಲ ಬರುತ್ತದೆ. ಶುರುವಿನಲ್ಲಿ ಒಮ್ಮೆ, ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಮೊದಲ ಸಲ ಆರ್ಗನ್ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ, ದನಿ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ ಹಾಗಿದೆ. ಎರಡನೇ ಸಲ ಅದೇ ಹಾಡು, ಆದರೆ ಗಿಟಾರ್ ಕಿವಿಗೆ ಕೈಹಾಕುತ್ತದೆ. ಮೊದಲನೆಯದು ಕಕ್ಕಡ. ಎರಡನೆಯದು ಹೂಮಳೆಗೆ ಮುಂಚಿನ ಗುಡುಗು. ರಾಕ್ ಗೊತ್ತಿಲ್ಲದ ನನಗೇ ಇಷ್ಟು ಕೇಳಿಸಿತು. ಹತ್ತು ವರ್ಷದಿಂದ ಕೇಳುತ್ತಿದ್ದೇನೆ ಅಂತೀರಿ, ನಿಮಗೆ ಒಂದೇ ಮಳೆಯಾ?

ಈ ಸಿಟ್ಟು ನನ್ನದಲ್ಲ, ನನಗೆ ಬಳುವಳಿಯಾಗಿ ಬಂದದ್ದು. 1997ರಲ್ಲಿ ನಾನು ಮೈಸೂರಿನ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಕರಡು ತಿದ್ದುತ್ತಿದ್ದವಳನ್ನು ಆ ವರ್ಷ ಕೊಡಗಿನ ಕರಡ ಅನ್ನುವ ಊರಿಗೆ ಕಳಿಸಿದರು. ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದ ಮೊದಲ ವರ್ಷ ಅದು. ಊರಿನ ಹುಡುಗಿ, ಬರೆದುಕೊಂಡು ಬರಲಿ ಅಂತ. ಬರೆದೆ. "ರೋಮಾಂಚಕಾರಿ ಪಂದ್ಯ. ಪ್ರೇಕ್ಷಕರು ಮಂತ್ರಮುಗ್ಧರಾದರು." ಗೋಲು ಹೊಡೆದವರು ಯಾರು ಅನ್ನುವಲ್ಲಿ ಒಂದು ಮನೆಹೆಸರು ಹಾಕಿದ್ದೆ.

ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ಹಣೆಗೆ ಏರಿಸಿದರು. "ಆ ತಂಡದಲ್ಲಿ ಹನ್ನೊಂದು ಜನಕ್ಕೂ ಅದೇ ಮನೆಹೆಸರು ಕಣಮ್ಮಾ. ಯಾರು ಹೊಡೆದದ್ದು? ಅಪ್ಪನಾ, ಮಗನಾ?"

ನನಗೆ ಗೊತ್ತಿರಲಿಲ್ಲ. ಗೋಲಾದಾಗ ನಾನು ಊಟದ ಸಾಲಿನಲ್ಲಿದ್ದೆ, ಪಂದಿ ಕರಿ ಖಾಲಿಯಾಗುತ್ತಿತ್ತು. ಹೇಳಿದೆ.

"ಹಾಗಾದ್ರೆ ಅದನ್ನೇ ಬರೀಬಹುದಿತ್ತಲ್ಲ. ಮಂತ್ರಮುಗ್ಧ ಅಂತ ಸುಳ್ಳು ಯಾಕೆ?"

ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎದುರಿನ ಎಸ್‌ಟಿಡಿ ಬೂತಿಗೆ ಅಟ್ಟಿದರು. ಸೋದರಮಾವನಿಗೆ ಫೋನು ಮಾಡಿ, ಅವರು ಇನ್ನೊಬ್ಬರಿಗೆ ಕೇಳಿಸಿ, ಕೊನೆಗೂ ಹೆಸರು ಸಿಕ್ಕಿತು. ಅಪ್ಪನೇ. ಮಗ ಪಾಸ್ ಕೊಟ್ಟಿದ್ದ. ಫೋನಿನ ದುಡ್ಡು ನನ್ನ ಸಂಬಳದಲ್ಲೇ ಹಿಡಿದರು, ಅದು ಬೇರೆ ವಿಷಯ. ನಿಮ್ಮ ಗೆಳೆಯನೊಬ್ಬ ಹೊಗಳುವ 'ಐ ಕ್ಯಾನ್ ಹಿಯರ್ ದ ಹಾರ್ಟ್ ಬೀಟಿಂಗ್ ಆ್ಯಸ್ ಒನ್' ಕೂಡ ಅದೇ 1997ರದ್ದು ಅಂತ ನಿಮ್ಮ ಲೇಖನದಿಂದ ಗೊತ್ತಾಯಿತು. ಅದನ್ನು ಕೇಳುವಾಗ ಎಸ್‌ಟಿಡಿ ಬೂತಿನ ಕೆಂಪು ಮೀಟರ್ ಕಣ್ಣಮುಂದೆ ಬಂತು.

ಹಾಕಿ ಅಂದಾಗ ನೆನಪಾಯಿತು. ಬ್ಯಾಂಡಿನ ಹೆಸರಿನ ಕಥೆಯನ್ನು ಆವರಣದೊಳಗೆ ಹಾಕಿ ಕೊಂದಿದ್ದೀರಿ: "ಈ ಹೆಸರಿನ ಹಿಂದೆ ಬೇಸ್‌ಬಾಲ್ ಪ್ರಸಂಗವೊಂದಿದೆ." ಅಷ್ಟೇನಾ? ಹುಡುಕಿ ಓದಿದೆ. 1962ರ ನ್ಯೂಯಾರ್ಕ್ ಮೆಟ್ಸ್ ತಂಡ. ಆ ವರ್ಷ 120 ಆಟ ಸೋತ ತಂಡ ಅದು. ನಡು ಮೈದಾನದಲ್ಲಿ ರಿಚಿ ಆಶ್‌ಬರ್ನ್. ಅವರ ಮುಂದೆ ವೆನೆಜುವೆಲಾದ ಎಲಿಯೊ ಚಕೋನ್, ಇವರಿಗೆ ಇಂಗ್ಲಿಷ್ ಬಾರದು. ಚೆಂಡು ಮೇಲೆ ಹೋದಾಗೆಲ್ಲ ಆಶ್‌ಬರ್ನ್ ಇಂಗ್ಲಿಷಿನಲ್ಲಿ ನನ್ನದು ಅಂತ ಕೂಗುವುದು, ಚಕೋನ್ ಅರ್ಥವಾಗದೆ ನುಗ್ಗುವುದು, ಇಬ್ಬರೂ ಢಿಕ್ಕಿ. ಕೊನೆಗೆ ಆಶ್‌ಬರ್ನ್ ಸ್ಪ್ಯಾನಿಷಿನಲ್ಲಿ ಮೂರು ಪದ ಕಲಿತರು. ಯೋ ಲಾ ಟೆಂಗೊ, ಅಂದರೆ ನನ್ನ ಹತ್ತಿರ ಇದೆ. ಮುಂದಿನ ಸಲ ಚೆಂಡು ಮೇಲೆ ಹೋಯಿತು, ಹಾಗೇ ಕೂಗಿದರು, ಚಕೋನ್ ನಿಂತರು. ಅಷ್ಟರಲ್ಲಿ ಎಡಗಡೆಯಿಂದ ಫ್ರಾಂಕ್ ಥಾಮಸ್ ಬಂದು ಗುದ್ದಿದರು. ಅವರಿಗೆ ಸ್ಪ್ಯಾನಿಷ್ ಬಾರದು.

ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಕನ್ನಡ ಎಲ್ಲ ಒಂದೇ ಮೈದಾನದಲ್ಲಿ ಕೂಗುವ ನಮ್ಮೂರಲ್ಲಿ ಈ ಕಥೆಗೆ ಎಷ್ಟು ನಗು ಬೀಳುತ್ತಿತ್ತು! ನಿಮ್ಮ ಶೂಗೇಜ್ ಸಾಲನ್ನು ಇದರ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿ.

ಇನ್ನು ಕೊನೆಯ ಸಾಲು. ನಾಲ್ವರಲ್ಲಿ ಒಬ್ಬ 'ಪೇನ್‌ಫುಲ್' ಅಂತಾನೆ, ಒಬ್ಬ 1997ರದ್ದು, ಒಬ್ಬ 2000ದ 'ಆ್ಯಂಡ್ ದೆನ್ ನಥಿಂಗ್ ಟರ್ನ್ಡ್ ಇಟ್‌ಸೆಲ್ಫ್ ಇನ್‌ಸೈಡ್-ಔಟ್'. (ಈ ಹೆಸರಿಗೆ ನಮ್ಮ ಕಾಲಂನಲ್ಲಿ ಎರಡು ಸಾಲು ಬೇಕು.) ನಾಲ್ಕನೆಯವನು 1990ರ 'ಫೇಕ್‌ಬುಕ್' ಅಂತಾನೆ. ಅದರಲ್ಲಿ ಜಾಸ್ತಿ ಇರುವುದು ಬೇರೆಯವರ ಹಾಡುಗಳು. ಅಲ್ಲಿಂದ ಶುರು ಮಾಡಿ ಅಂದರೆ ಉಳಿದ ಮೂವರು ಕೂಗಾಡಬೇಕಿತ್ತು. ನಿಮ್ಮ ಲೇಖನದಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ನೀವು ಬರೆಯುತ್ತೀರಿ: "ಎಲ್ಲಿಂದ ಶುರು ಮಾಡಿದರೂ ಸೇರುವುದು ಒಂದೇ ಕಡಲು."

ಇದನ್ನು ಕೊಡಗಿನವರು ಬರೆಯಬಾರದು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ಜನ ಚಳಿಗೆ ನಡುಗುತ್ತಾ ಕಾಯುವುದು ಯಾಕೆ? ಹೊಳೆ ಇಲ್ಲಿಂದಲೇ, ಈ ನಿಮಿಷಕ್ಕೇ ಶುರು ಅಂತ ನೋಡುವುದಕ್ಕೆ. ಕಡಲು ಎಲ್ಲಿದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ತಪ್ಪಾದರೆ ಅಂತ ಹೆದರಿದ್ದೀರಿ, ಗೊತ್ತಾಗುತ್ತದೆ. ಡಬ್ಲ್ಯುಎಫ್‌ಎಂಯು ಅನ್ನುವ ರೇಡಿಯೋಗೆ ದುಡ್ಡು ಕೂಡಿಸಲು ಇದೇ ಬ್ಯಾಂಡಿನವರು ಸ್ಟುಡಿಯೋದಲ್ಲಿ ಕೂತು, ಕೇಳುಗರು ಕೇಳಿದ ಹಾಡನ್ನೆಲ್ಲ ಬಾರಿಸುತ್ತಾರೆ, ಬಂದರೂ ಬಾರದಿದ್ದರೂ. ಎಡವಿದ್ದನ್ನೂ ಸೇರಿಸಿ 2006ರಲ್ಲಿ ಆಲ್ಬಂ ಮಾಡಿ ಮಾರಿದರು. ನಾನೂ ಒಂದು ಹೇಳಿಬಿಡುತ್ತೇನೆ. ನನ್ನ ಓಟು 2000ದ್ದಕ್ಕೆ. ಅದರ ಕೊನೆಯ ಹಾಡು ಹೊಬೊಕನ್ ಮೇಲೆ ರಾತ್ರಿ ಇಳಿಯುವುದರ ಬಗ್ಗೆ, 17 ನಿಮಿಷ. ಮೂರ್ನಾಡಿಗೆ ಹೋಗುವ ಬಸ್ಸಿನಲ್ಲಿ ಕೇಳಿದೆ. ಕಂಡಕ್ಟರ್ ಟಿಕೆಟ್ ಕೇಳಿದ್ದು ಎರಡನೇ ಸಲಕ್ಕೆ ಕೇಳಿಸಿತು. ನೀವು ಬಿದ್ದು ಬಿದ್ದು ನಗಬಹುದು, ಆದರೆ ನಾನು ಹೇಳಿಯಾಯಿತು.

ನಿಮ್ಮ ಲೇಖನದ ನಡುವೆ ಅರ್ಧ ಸಾಲಿದೆ. "ಮೊಬೈಲಿನಲ್ಲಿ ಶೇಕಡಾ 11 ಚಾರ್ಜ್ ಉಳಿದಿತ್ತು, ಒಂದು ಆಲ್ಬಂಗೆ ಸಾಕಾಗಬಹುದು." ಓದಿ ನೆಟ್ಟಗೆ ಕೂತೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ನಾಲ್ಕು ಅಭಿಪ್ರಾಯ, ಒಂದೇ ಆಲ್ಬಂಗೆ ಆಗುವಷ್ಟು ಬ್ಯಾಟರಿ. ಮುಂದಿನ ಸಾಲಿನಲ್ಲಿ ನೀವು ಬ್ಯಾಂಡಿನ ತಾತ್ವಿಕತೆಗೆ ಹೋಗಿಬಿಟ್ಟಿರಿ. ಯಾವುದು ಹಾಕಿದಿರಿ? ಯಾರು ಗೆದ್ದರು? ಸೋತವನು ಮುಖ ಊದಿಸಿಕೊಂಡನಾ? ಹಾಡು ಮುಗಿಯುವ ಮುಂಚೆ ಫೋನು ಸತ್ತಿತಾ? ಎಂಟು ಪುಟದಲ್ಲಿ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ.

ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ. ಮೂರು ಪುಟ ಸಾಕು. ಆ ರಾತ್ರಿ ಹಾಕಿದ ಆಲ್ಬಂನ ಹೆಸರು ಮೊದಲ ಪ್ಯಾರಾದಲ್ಲಿ ಬರಲಿ. ಮುಂದಿನ ತಿಂಗಳ ಪುಟ ಕಟ್ಟುವುದು 20ಕ್ಕೆ, ಅಷ್ಟರೊಳಗೆ ತಲುಪಿಸಿ. ಕರೆಂಟ್ ಇಲ್ಲದಿದ್ದರೆ ಕೈಬರಹದಲ್ಲೇ ಬರೆದು ಬಸ್ಸಿನಲ್ಲಿ ಕೊಟ್ಟು ಕಳಿಸಿ, ಸ್ಟ್ಯಾಂಡಿನಿಂದ ನಮ್ಮ ಹುಡುಗಿ ತರುತ್ತಾಳೆ. ಅವಳೂ ಅದೇ ಕೇಳುತ್ತಿದ್ದಾಳೆ, ಯಾವುದು ಹಾಕಿದರಂತೆ ಅಂತ.

— ಸಂಪಾದಕಿ