ನ್ಯೂರೋಸೈನ್ಸ್ ಪಿಎಚ್‌ಡಿಗೆ ಮೊದಲು ಬಯಾಲಜಿ ಎಂಎಸ್ಸಿ ಮಾಡಬೇಕಾ?

ಇಸಿಯಲ್ಲಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬಿಇ ಆಗಿದೆ, ಅಮೆರಿಕದಲ್ಲಿ ನ್ಯೂರೋಸೈನ್ಸ್ ಪಿಎಚ್‌ಡಿ ಮಾಡೋಕೆ ಮೊದಲು ಬಯಾಲಜಿ ಎಂಎಸ್ಸಿ ಬೇಕಾ ಅಂತ ಕೇಳಿದ್ದೀರಿ. ಬೇಡ.

ನಾನೂ ಇಸಿಯವನೇ. ಪಿಯುಸಿಯಲ್ಲಿ ಪಿಸಿಎಂಇ, ಬಯಾಲಜಿಯ ಗಂಧವೂ ಇರಲಿಲ್ಲ. ನೇರವಾಗಿ ಪಿಎಚ್‌ಡಿಗೆ ಹೋದೆ. ಬ್ಯಾಚಿನಲ್ಲಿ ಸೈಕಾಲಜಿ, ಫಿಸಿಕ್ಸ್ ಓದಿದವರೂ ಇದ್ದರು. ಸೆಲ್ ಬಯಾಲಜಿ, ಅನಾಟಮಿ ಎಲ್ಲ ಮೊದಲ ವರ್ಷದ ಕೋರ್ಸುಗಳಲ್ಲೇ ಬಂತು. ಅದೂ ಫೀಸು ಮಾಫಿ, ಮೇಲೆ ಸ್ಟೈಪೆಂಡ್.

ನನಗೆ ಪೆಟ್ಟು ಬಿದ್ದಿದ್ದು ರೊಟೇಶನ್‌ನಲ್ಲಿ. ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಒಂದೊಂದರಲ್ಲೂ ಸುಮಾರು 10 ವಾರ ಇದ್ದು, ಆಮೇಲೆ ಗೈಡ್ ಯಾರು ಅಂತ ಆರಿಸಬೇಕು. ಕೋಡಿಂಗ್ ಗೊತ್ತಿತ್ತು, ಇಲಿ ಮುಟ್ಟೋಕೆ ಭಯ. ಹಾಗಾಗಿ ಮೂರೂ ಸಲ ಕಂಪ್ಯೂಟೇಶನಲ್ ಲ್ಯಾಬುಗಳನ್ನೇ, ಅಂದರೆ ಕಂಪ್ಯೂಟರಿನಲ್ಲೇ ಕೆಲಸ ಮಾಡುವಂಥವನ್ನೇ ಹಿಡಿದೆ.

ಥೀಸಿಸ್‌ಗೆ ಬೇರೆಯವರು ಇಲಿಯ ಮಿದುಳಿಗೆ ಎಲೆಕ್ಟ್ರೋಡ್ (ಸಿಗ್ನಲ್ ಹಿಡಿಯುವ ಸಣ್ಣ ತಂತಿ) ಇಳಿಸಿ ರೆಕಾರ್ಡ್ ಮಾಡಿದ ಡೇಟಾ ಸಿಕ್ಕಿತು. ಇಲಿ ಕಲಿಯುತ್ತಾ ಹೋದಂತೆ ಕೆಲವು ನ್ಯೂರಾನ್‌ಗಳು (ನರಕೋಶಗಳು) ಮೆಲ್ಲಗೆ ಸುಮ್ಮನಾಗುತ್ತಿದ್ದವು. ಇದೇ ಕಲಿಕೆಯ ಗುರುತು ಅಂದುಕೊಂಡು ಮಾಡೆಲ್ ಕಟ್ಟಿದೆ. ಆದರೆ ಮಿದುಳು ತುಂಬಾ ಮೆದು. ಉಸಿರಿಗೂ ಎದೆಬಡಿತಕ್ಕೂ ಅಲುಗುತ್ತದೆ. ಎಲೆಕ್ಟ್ರೋಡ್ ಇಳಿಸುವಾಗ ಒತ್ತಿಹೋದ ಭಾಗ ಆಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸರಿದರೂ ಸ್ಪೈಕ್, ಅಂದರೆ ನ್ಯೂರಾನಿನ ವಿದ್ಯುತ್ ಮಿಡಿತ, ಚಿಕ್ಕದಾಗಿ ಕಾಣುತ್ತದೆ. ಥ್ರೆಶೋಲ್ಡ್, ಅಂದರೆ ಮೊದಲೇ ಗೊತ್ತುಮಾಡಿದ ಎತ್ತರಕ್ಕಿಂತ ಕೆಳಗಿಳಿದ ಸ್ಪೈಕನ್ನು ಸಾಫ್ಟ್‌ವೇರ್ ಎಣಿಸುವುದೇ ಇಲ್ಲ. ನನ್ನ ನ್ಯೂರಾನ್‌ಗಳು ಎಂದಿನಂತೆ ಕೆಲಸ ಮಾಡುತ್ತಲೇ ಇದ್ದವು, ಎಲೆಕ್ಟ್ರೋಡ್ ಅವುಗಳಿಂದ ದೂರ ಹೋಗಿತ್ತು! ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿರುವ ಸಂಶೋಧಕ) ಒಬ್ಬರು ಕಚ್ಚಾ ಸಿಗ್ನಲ್ ನೋಡಿ ಕೂತಲ್ಲೇ ಹೇಳಿಬಿಟ್ಟರು. ಸ್ಪೈಕಿನ ಎತ್ತರ ಹೊತ್ತು ಕಳೆದಂತೆ ಹೇಗೆ ಬದಲಾಗುತ್ತದೆ ಅಂತ ಒಂದು ಪ್ಲಾಟ್ ಹಾಕಿದ್ದರೆ ನನಗೂ ಕಾಣುತ್ತಿತ್ತು. ಹಾಕಬೇಕು ಅಂತಲೇ ಹೊಳೆಯಲಿಲ್ಲ. ಒಂದು ಸಲ ಕೈಯಾರೆ ಎಲೆಕ್ಟ್ರೋಡ್ ಇಳಿಸಿದವರಿಗೆ ಮೊದಲು ಹೊಳೆಯುವುದೇ ಅದು. ಒಂದಿಡೀ ಅಧ್ಯಾಯ ಹೋಯಿತು, ವರ್ಷಕ್ಕಿಂತ ಜಾಸ್ತಿ ಕೆಲಸ ಹೋಯಿತು.

ಬ್ರಿಟಿಷ್ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ನರದ ಸಿಗ್ನಲ್ ಬಗ್ಗೆ 1952ರಲ್ಲಿ ಬರೆದ ಸಮೀಕರಣಗಳನ್ನು ನೋಡಿ. ನ್ಯೂರಾನಿನ ಪೊರೆ ಅಲ್ಲಿ ಕೆಪಾಸಿಟರ್, ರೆಸಿಸ್ಟರ್, ಬ್ಯಾಟರಿ ಇರುವ ಸರ್ಕ್ಯೂಟ್. ನಿಮಗೆ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ. ಆದರೆ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ಆಕ್ಸಾನ್ (ನರತಂತು) ಒಳಗೆ ತಂತಿ ತೂರಿಸಿ ಅಳೆದವರೂ ಅವರೇ ಅಲ್ವಾ?

ಹಾಗಾಗಿ ಎಂಎಸ್ಸಿಗೆ ದುಡ್ಡು, ವರ್ಷ ಸುರಿಯಬೇಡಿ, ಪಿಎಚ್‌ಡಿಯಲ್ಲೇ ಪ್ರಯೋಗವನ್ನು ಕೈಯಾರೆ ಕಲಿಯಿರಿ. ಅಮೆರಿಕವೇ ಆಗಬೇಕು ಅಂತಲೂ ಇಲ್ಲ, ಬೆಂಗಳೂರಿನ ಐಐಎಸ್‌ಸಿಯ ನ್ಯೂರೋಸೈನ್ಸ್ ಕೇಂದ್ರಕ್ಕೆ ಬಿಇ ಆದವರು ಗೇಟ್ ಮೂಲಕ ಪಿಎಚ್‌ಡಿಗೆ ಅರ್ಜಿ ಹಾಕುತ್ತಾರೆ. ಎಲ್ಲೇ ಇಂಟರ್‌ವ್ಯೂಗೆ ಹೋದರೂ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ: ಇಂಜಿನಿಯರಿಂಗ್‌ನಿಂದ ಬಂದವರಿಗೆ ಸರ್ಜರಿ, ರೆಕಾರ್ಡಿಂಗ್ ಯಾರು ಕಲಿಸುತ್ತಾರೆ? ಯಾರೂ ಇಲ್ಲ ಅಂದರೆ ಬೇರೆ ಕಡೆ ನೋಡಿ.